ಮೌಲಾಬಿಯ ಉಪಾಸ

ಕರೆಂಟ್ ಹೋಗೇದ, ಲಗೂನ ಬರೂದಂತೂ ಇಲ್ಲ. ಹತ್ರ ಸರದು ಕೂಡ್ರಿ, ಹೇಳ್ತೀನಿ. ಆದ್ರ ನಡುವ ನಗಬ್ಯಾಡ್ರಿ. ಇದು ಕಟ್ಟಿದ ಕತಿ ಅಲ್ಲ. ನಮ್ಮ ಸೋದರತ್ತಿ ಮಗ ಪರಮಣ್ಣ ಗೊತ್ತಲ್ಲ, ಶಹಾಪುರದಾಗ ರಕ್ತ ಪರೀಕ್ಷೆ ಮಾಡೋ ಲ್ಯಾಬ್ ಇಟ್ಟಾನ... ಅವಂಗ ಆಗಿದ್ದು. ಅವನಿಗೇ ನನ್ನ ಕೊಡಬೇಕಂತ ಮಾತಾಗಿತ್ತು. ಮರವಿನ ಮನಷ್ಯಾ, ತಾಳಿ ಕಟ್ಟೂದೂ ಮರತಾನು, ಬ್ಯಾಡ ಅಂದೆ ನಾನು.

ಒಂದ್ ರಾತ್ರಿ ದೋರನಹಳ್ಳಿಯಾಗ ಒಬ್ಬರ ರಕ್ತ ತಗೊಂಡು ವಾಪಸ್ ಬರಾಕತ್ತಿದ್ದ. ಕಾಲುವಿ ದಂಡಿ ಮ್ಯಾಲ ಗಾಡಿ ಫುಸ್ಸ್... ಅಂತು. ಪಂಚರ್. ಹತ್ತೂವರಿ ದಾಟಿತ್ತು. ಫೋನಿನ ಚಾರ್ಜೂ ಹೋಗಿತ್ತು. ಗಾಡಿ ನೂಕ್ಕೋತ ಹೊಂಟ. ಅಲ್ಲೊಂದು ಹಳೇ ಬಾವಿ ಅದ, ಕಾಲುವಿ ಬಂದ ಮ್ಯಾಲ ಯಾರೂ ನೀರು ಸೇದಂಗಿಲ್ಲ. ಅದನ್ನ ದಾಟಿದ.

ಹಿಂದ ಚಪ್ಪಲ್ ಸಪ್ಪಳ. ಒಣ ಚಪ್ಪಲ್ ಅಲ್ಲ. ಪಚ್... ಪಚ್... ತೊಯ್ದಿದ್ದು. ಇವ ನಿಂತ್ರ ನಿಲ್ತದ. ಹೊಂಟ್ರ ಬರ್ತದ.

"ಯಾರು?" ಅಂದ.

"ನಾನರಿ ಪರಮಣ್ಣಾರ... ಮೌಲಾಬಿ."

ಮೌಲಾಬಿ ಸತ್ತು ಎರಡು ತಿಂಗಳಾಗಿತ್ತು.

ತಡೀರಿ, ಅಕಿ ಯಾರು ಅಂತ ಹೇಳ್ತೀನಿ. ಅಲ್ಲೇ ಬಾಜೂ ಊರಾಕಿ. ಸಾಲಿಯಾಗ ಬಿಸಿಯೂಟದ ಅಡಗಿ ಮಾಡ್ತಿದ್ಲು. ಗಂಡ ಇಲ್ಲ, ಮಕ್ಕಳಿಲ್ಲ. ನೂರಾ ಇಪ್ಪತ್ತು ಹುಡುಗರಿಗೆ ನಕ್ಕೋತ ಬಡಿಸಿ, ರಾತ್ರಿ ಮನ್ಯಾಗ ಒಬ್ಬಾಕಿನೇ ಗ್ವಾಡಿ ನೋಡ್ಕೋತ ಉಣ್ಣಾಕಿ. ಅಕಿಗೆ ಸಕ್ಕರಿ ಕಾಯಿಲೆ. ಪರಮಣ್ಣ ತಿಂಗಳಿಗೊಮ್ಮೆ ಮನಿಗೇ ಹೋಗಿ ರಕ್ತ ತಗೀತಿದ್ದ. ತಗದಾದ ಮ್ಯಾಲೂ ಬಿಡತಿದ್ದಿಲ್ಲಂತ. "ಇನ್ನೊಂದೀಟು ಕೂಡ್ರಿ, ಚಹಾ ಮಾಡ್ತೀನಿ" ಅಂತಿದ್ಲಂತ. ಸೂಜಿ ಚುಚ್ಚಾಕ ಬರಾವನೇ ಅಕಿಗೆ ನೆಂಟ.

ಒಂದಿನ ಅಕಿಗೆ ಹೇಳಿ ಬಂದಿದ್ದ, "ಅಕ್ಕಾ, ನಾಳೆ ಮುಂಜಾನಿ ಬರ್ತೀನಿ. ಬರಿ ಹೊಟ್ಟಿ ರಕ್ತ ಬೇಕು. ನಾ ಬರೂತನ ಏನೂ ತಿನ್ನಬ್ಯಾಡ್ರಿ."

ಮರುದಿನ ಮರತ. ಗೆಳೆಯನ ಹೊಸಾ ಟ್ರ್ಯಾಕ್ಟರ್ ನೋಡಾಕ ಹೋಗಿ, ಅಲ್ಲೇ ಗಡದ್ದಾಗಿ ಉಂಡು ಮಲಗ್ಯಾನ, ಹಾಳಾದಾಂವ.

ಮೌಲಾಬಿ ಗುಳಿಗಿ ಮಾತ್ರ ದಿನದಂಗ ನುಂಗ್ಯಾಳ. ಆ ಗುಳಿಗಿ ನುಂಗಿ ಉಣ್ಣಲಿಲ್ಲಂದ್ರ ಸಕ್ಕರಿ ಇಳದು ಕಣ್ಣಿಗೆ ಕತ್ತಲಿ ಬರ್ತದ. ಅದನ್ನ ಇವ ಹೇಳಿದ್ದಿಲ್ಲ. ಸಾಲಿಯಾಗ ಅನ್ನ ಬಡಿಸ್ಯಾಳ, ಸಾರು ಬಡಿಸ್ಯಾಳ. ಜೋಡಿ ಅಡಗಿ ಮಾಡೋ ಸುಂದ್ರಮ್ಮ, "ಏ ಮೌಲಾಬಿ, ಒಂದ್ ತುತ್ತರೆ ತಿನ್ನು" ಅಂದ್ರ, "ರಂಜಾನಿನಾಗ ತಿಂಗಳ ಪೂರ್ತಿ ರೋಜಾ ಹಿಡಿಯಾಕಿ ನಾನು, ಇದೇನು ದೊಡ್ಡದು? ಪರಮಣ್ಣಾರು ಬರ್ತಾರ" ಅಂದಾಳಂತ. ಸಂಜಿಮುಂದ ಅವನ ದಾರಿ ನೋಡಾಕ ಕಾಲುವಿ ದಂಡಿಗೆ ಬಂದಾಳ... ಮೂರನೇ ದಿನ ಕಾಲುವಿ ಗೇಟಿನ ಹತ್ರ ನೀರಾಗ ಹೆಣ ಸಿಕ್ತು.

ಕಾಲು ಜಾರೇದ ಅಂದ್ರು ಊರವ್ರು. ಮಣ್ಣಿಗೆ ಹೋದಾಗ ಸುಂದ್ರಮ್ಮ ಅಳಕೋತ ಆ ಉಪಾಸದ ಮಾತು ಇವನ ಮುಂದ ಹೇಳ್ಯಾಳ. ಪಾಪ, ಅಕಿಗೆ ಅದರ ಅರ್ಥ ತಿಳೀಲಿಲ್ಲ. ಇವಂಗ ತಿಳೀತು. ಯಾರ ಮುಂದೂ ಬಾಯಿ ಬಿಡಲಿಲ್ಲ.

ಈಗ ಅದೇ ದಂಡಿ ಮ್ಯಾಲ... ಹಿಂದ ಅಕಿ.

"ಇನ್ನೂ ಏನೂ ತಿಂದಿಲ್ಲರಿ," ಅಂತ ಪಿಸುಮಾತು. "ನೀವು ಬರೂತನ ತಿನ್ನಬ್ಯಾಡ ಅಂದಿದ್ರಿ. ಭಾಳ ಹಸಿವಾಗೇದ... ರಕ್ತ ತಗೋತೀರೇನು?"

ಬೈದಿದ್ರ ಓಡಿ ಹೋಗ್ತಿದ್ದೆ ಅಂತಾನ ಅವ. ಬೈಲಿಲ್ಲ.

ಅವನ ಹೆಗಲ ಬಾಜೂದಿಂದ ಒಂದು ಕೈ ಮುಂದ ಬಂತು. ನೀರಾಗ ನೆನದು ನೆರಿಗಿ ಬಿದ್ದ ಬಟ್ಟು. ಇವ ಹಿಂದ ತಿರಗಿ ನೋಡಲಿಲ್ಲ. ಚೀಲದಾಗಿಂದ ಸಕ್ಕರಿ ನೋಡೋ ಸಣ್ಣ ಮಷಿನ್ ತಗದ. ಸೂಜಿ... ಚಟ್. ಹಿಂಡಿದ. ಹಿಂಡಿದ. ಒಂದ್ ಹನಿ ಬಂತು. ಮಷಿನ್ ಐದು ಎಣಿಸಿ ಟೀಂವ್ ಅಂತು. ನಂಬರ್ ಇಲ್ಲ. ಸಕ್ಕರಿ ತೀರಾ ಕಡಿಮಿ ಇದ್ರ ಅದು ನಂಬರ್ ತೋರಸಂಗಿಲ್ಲ, ಬರೇ "ಲೋ" ಅಂತ ತೋರಸ್ತದ.

"ಅಕ್ಕಾ... ತಪ್ಪು ನಂದದ. ನಾ ಮರತೆ. ನಿಮ್ಮನ್ನ ಉಪಾಸ ಕೆಡವಿದಾಂವ ನಾನೇ."

ಕಾಲುವಿ ನೀರು ಗುಳು ಗುಳು ಅನ್ನಾಕತ್ತಿತ್ತು.

"ಬಂದ್ರಲ್ಲ," ಅಂದ್ಲು. "ಈಗ ಉಣ್ಣಲೇನು?"

"ಉಣ್ರಿ ಅಕ್ಕಾ... ಉಣ್ರಿ."

ದೋರನಹಳ್ಳಿಯವ್ರು ಕಟ್ಟಿಕೊಟ್ಟ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಚೀಲದಾಗಿದ್ದವು. ದಂಡಿ ಮ್ಯಾಲ ಇಟ್ಟ. ಗಾಡಿ ನೂಕ್ಕೋತ ಹೊಂಟ. ಹಿಂದ ಒಣರೊಟ್ಟಿ ಮುರಿಯೋ ಸಪ್ಪಳ... ಕಟಮ್... ಕಟಮ್... ಡಾಂಬರ್ ರೋಡಿಗೆ ಬರೂತನ ಕೇಳಿಸ್ತಂತ. ಅಳಕೋತ ಬಂದೆ ಅಂದ.

ಲ್ಯಾಬಿಗೆ ಬಂದು ಮಷಿನ್ ಕಬ್ಬಿಣದ ಕಪಾಟಿನಾಗ ಇಟ್ಟು ಕೀಲಿ ಹಾಕಿ, ಕೀಲಿಕೈ ಉಡದಾರಕ್ಕ ಕಟಗೊಂಡು ಸೀದಾ ನಮ್ಮ ಮನಿಗೆ ಬಂದ. ಹನ್ನೆರಡಕ್ಕ ಬಾಗಿಲು ಬಡದ. ನಮ್ಮವ್ವನ ಮುಂದ, ನನ್ನ ಮುಂದ ಕೂತು, ಮೊದಲನೇ ಸಲ ಎಲ್ಲಾ ಹೇಳಿದ. ಬೆಳತನ ನಮ್ಮ ಪಡಸಾಲಿ ಬಿಟ್ಟು ಎದ್ದಿಲ್ಲ. ಮುಂಜಾನಿ ಸುಂದ್ರಮ್ಮನ ಮುಂದೂ ಹೇಳ್ತೀನಿ ಅಂತ ಎದ್ದ. ಮೊದಲು ಲ್ಯಾಬಿಗೆ ಹೋದ್ವಿ. ಕಪಾಟು ಅವನೇ ತಗದ. ಮಷಿನ್ ನನ್ನ ಕೈಯಾಗ ಕೊಟ್ಟ.

ಅದರಾಗ ವ್ಯಾಳ್ಯಾ ಸಮೇತ ಎಲ್ಲಾ ಉಳೀತದ. ರಾತ್ರಿ ಹತ್ತು ಐವತ್ತಕ್ಕ "ಲೋ". ಖರೇ ಅದ. ಆದ್ರ ಅದರ ಮ್ಯಾಲ ಇನ್ನೊಂದು ಇತ್ತು. ಸಕ್ಕರಿಯವರಿಗೆ ಬರಿ ಹೊಟ್ಟಿಲೆ ಒಮ್ಮೆ ನೋಡಿ, ಉಂಡ ಎರಡು ತಾಸಿಗೆ ಮತ್ತೊಮ್ಮೆ ನೋಡ್ತಾರ.

ಹನ್ನೆರಡು ಐವತ್ತಕ್ಕ, ನೂರಾ ಹದಿನೆಂಟು.

ಕೀಲಿ ಹಾಕಿದ ಕಪಾಟಿನಾಗ. ನನ್ನ ಈ ಕಣ್ಣಿಲೆ ನೋಡೀನ್ರಿ. ಹೊಟ್ಟಿ ತುಂಬ ಉಂಡವರದು ಅದು.