ಬಿಡಿಸದ ಪುಟಗಳು

ದೀಪ ಸಣ್ಣ ಮಾಡಿ. ಇದು ಕಟ್ಟುಕತೆ ಅಲ್ಲ, ನನ್ನ ಚಿಕ್ಕಪ್ಪನ ಮಗನಿಗೆ ಆಗಿದ್ದು. ನಗೋರು ಈಗಲೇ ಎದ್ದು ಹೋಗಿ.

ಅವನು ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೀತಿದ್ದ. ಪ್ರಕಾಶಕರಿಲ್ಲದೆ ತಾವೇ ಅಚ್ಚು ಹಾಕಿಸ್ಕೊಂಡೋರ ಕಾದಂಬರಿಗಳೆಲ್ಲ ಅವನ ಪಾಲಿಗೆ. ಒಂದು ರಾತ್ರಿ ಆಫೀಸಿಂದ ನಡ್ಕೊಂಡು ಬರ್ತಿದ್ದಾನೆ. ಹಾಳುಬಾವಿ ದಾಟ್ಬೇಕು... ಹಿಂದೆ ಸದ್ದು. ಕಚಕ್... ಕಚಕ್... ಕತ್ತರಿ ಸದ್ದು. ನಿಂತ. ಅದೂ ನಿಂತಿತು. ಹೆಜ್ಜೆ ಇಟ್ಟ. ಕಚಕ್.

"ಯಾರು?"

ಕಿವಿ ಹತ್ರಾನೇ ಪಿಸುಮಾತು... "ಎಲ್ಲಿವರೆಗೆ ಓದಿದ್ರಿ, ಸಾರ್?"

ಆ ದನಿ ಅವನಿಗೆ ಗೊತ್ತು. ಆಕೆ ತೀರ್ಕೊಂಡು ಹದಿನೈದು ದಿನ ಆಗಿತ್ತು.

ಪಕ್ಕದ ಬೀದಿಯ ದರ್ಜಿ ಅವಳು. ಹನ್ನೊಂದು ವರ್ಷ ಕೂತು ಒಂದು ಕಾದಂಬರಿ ಬರೆದಿದ್ಲು. ಅಚ್ಚಾದ ದೊಡ್ಡ ಹಾಳೆಗಳನ್ನ ಮಡಚಿ, ತಾನೇ ಸೂಜಿದಾರ ಹಿಡಿದು ನಲವತ್ತು ಪ್ರತಿ ಹೊಲಿದಿದ್ಲು. ಮಡಿಕೆಯ ಅಂಚು ಮಾತ್ರ ಕತ್ತರಿಸಿರಲಿಲ್ಲ, ಅದನ್ನ ಸೀಳದೆ ಒಳಗಿನ ಪುಟ ಓದೋಕಾಗಲ್ಲ. "ಓದೋರೇ ಬಿಡಿಸ್ಕೋಬೇಕು ಸಾರ್. ನನ್ನ ಕತ್ತರಿಗೆ ಕಾಗದ ಸೋಕಿಸಲ್ಲ, ಮೊಂಡಾಗುತ್ತೆ" ಅಂದಿದ್ಲಂತೆ.

ಇವನೋ, ಸೋಮಾರಿ ಮುಂಡೇದು! ಮೊದಲ ಮಡಿಕೆ, ಕೊನೆಯ ಮಡಿಕೆ ಬಿಡಿಸಿ ಓದಿದ. "ನಡುಭಾಗ ತೀರಾ ಎಳೆದಿದ್ದಾರೆ" ಅಂತ ಬರೆದ. ಆಮೇಲೆ ಆ ಪುಸ್ತಕ ಒಬ್ಬರೂ ಕೇಳಲಿಲ್ಲ.

ಅವಳು ಮನೆಗೇ ಬಂದ್ಲು. "ಎಳೆದಿರೋ ಜಾಗ ತೋರಿಸಿ ಸಾರ್, ತಿದ್ಕೋತೀನಿ." ಜಗಳಕ್ಕಲ್ಲ ಕಣ್ರೀ, ನಿಜವಾಗ್ಲೂ ಕಲಿಯೋಕೆ ಬಂದಿದ್ಲು. ಇವನು ಗಡಿಬಿಡೀಲಿ ಪುಸ್ತಕ ತಂದು ಕೈಗೆ ಕೊಟ್ಟ. ನಡುವಿನ ಮಡಿಕೆಗಳೆಲ್ಲ ಹೊಲಿದಾಗ ಹೇಗಿದ್ವೋ ಹಾಗೇ ಇದ್ವು. ಅವಳು ಹೆಬ್ಬೆರಳಲ್ಲಿ ಅಂಚು ಸವರಿದ್ಲು. "ಪರವಾಗಿಲ್ಲ ಬಿಡಿ" ಅಂತ ಪುಸ್ತಕ ವಾಪಸ್ ಕೊಟ್ಟು ಹೋದ್ಲು. ಆಮೇಲೆ ಜ್ವರ, ಆಸ್ಪತ್ರೆ... ಮುಗೀತು.

ಆ ರಾತ್ರಿ ಬಾವಿ ಹತ್ರದಿಂದ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ. ಕಪಾಟಲ್ಲಿಟ್ಟಿದ್ದ ಪುಸ್ತಕ ಮೇಜಿನ ಮೇಲಿತ್ತು. ಒಂದು ಮಡಿಕೆಯನ್ನ ಯಾರೋ ಹೊಸದಾಗಿ ಕತ್ತರಿಸಿದ್ರು. ಕೂತು ಓದಿದ. ಮರುರಾತ್ರಿ ಮತ್ತೆ ಕಚಕ್... ಇನ್ನೊಂದು ಮಡಿಕೆ.

ಹತ್ತು ರಾತ್ರಿ ಹೀಗೇ. ಪುಸ್ತಕ ಮುಗಿದ ಬೆಳಿಗ್ಗೆ ನನ್ನ ಹತ್ರ ಬಂದು ಅತ್ತ.

"ಚೆನ್ನಾಗಿದೆ ಅಕ್ಕಾ. ಆ ನಡುಭಾಗಾನೇ ಚೆನ್ನಾಗಿದೆ. ಎಂಥ ಪಾಪ ಮಾಡ್ಬಿಟ್ಟೆ."

"ಓದದೇ ಬರೆದಿದ್ದೆ ಅಂತ ಪತ್ರಿಕೇಲಿ ಬರಿ."

"ಕೆಲಸ ಹೋಗುತ್ತೆ."

"ಹೋಗ್ಲಿ ಬಿಡೋ!"

ಬರೆದ. ಕೆಲಸ ಹೋಯ್ತು. ಸದ್ದೂ ನಿಂತಿತು. ಪತ್ರಿಕೆ ಹಿಡ್ಕೊಂಡು ಅವಳ ತಂಗಿ ಮನೆಗೆ ಹೋದ್ವಿ. ತಂಗಿ ನಿಂತ್ಕೊಂಡೇ ಓದಿದ್ಲು. ಬೀರುವಿನ ಬೀಗ ತೆಗೆದು ಅಕ್ಕನ ಕತ್ತರಿ ತಂದು ನನ್ನ ಮುಂದಿಟ್ಲು.

"ಅವಳು ಹೋದ ದಿನವೇ ಒಳಗಿಟ್ಟು ಬೀಗ ಹಾಕಿದ್ದು. ಕೀಲಿಕೈ ನನ್ನ ಹತ್ರಾನೇ ಇತ್ತು. ನಿನ್ನೆ ತೆಗೆದ್ರೆ... ಬಟ್ಟೆ ಕತ್ತರಿಸ್ತಾನೇ ಇಲ್ಲ."

ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದೋಗ್ಲಿ, ನಾನೇ ಕೈಯಲ್ಲಿ ಹಿಡಿದು ನೋಡ್ದೆ. ಅಲಗು ಪೂರ್ತಿ ಮೊಂಡಾಗಿತ್ತು. ತಿರುಪಿನ ಸಂದೀಲಿ ಕಾಗದದ ಚೂರು ಸಿಕ್ಕೊಂಡಿತ್ತು.