ಇಳಿಸಿದ ತಂತಿ

ಕಿವಿ ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ, ಆ ಹೆಂಗಸು ಕೊಟ್ಟ ಲಕೋಟೆಯನ್ನು ಮುದುಕ ತೊಡೆಯ ಮೇಲಿಂದ ಆಚೆಗೆ ತಳ್ಳಿದ. ನಾನು ಪಕ್ಕದಲ್ಲೇ ಟೋಕನ್ ಹಿಡಿದು ಕೂತಿದ್ದೆ.

“ಅಣ್ಣನ ಪಿಯಾನೊ ಕಾರ್ಯಕ್ರಮಕ್ಕೆ ಮೊದಲನೇ ಸಾಲಿನ ಸೀಟು, ಮಾಮ. ಅವನೇ ಕಳಿಸಿದ್ದು.”

“ಕಿವುಡನಿಗೆ ಯಾವ ಸಾಲಾದ್ರೇನಮ್ಮ?”

“ರೇಡಿಯೋದಲ್ಲಿ ಏನೋ ಬಾಯಿ ತಪ್ಪಿ ಅಂದುಬಿಟ್ಟ.”

“‘ನನ್ನ ಪಿಯಾನೊ ಶ್ರುತಿ ಮಾಡೋನಿಗೆ ಕಿವಿ ಕೇಳಲ್ಲ, ಅದಕ್ಕೇ ಒಂದು ತಂತಿ ಯಾವಾಗ್ಲೂ ಇಳಿದಿರತ್ತೆ.’ ಇಷ್ಟುದ್ದ ಬಾಯಿ ತಪ್ಪತ್ತಾ?”

ಹೆಂಗಸು ಲಕೋಟೆಯನ್ನು ಮತ್ತೆ ಅವನ ಕಡೆ ಸರಿಸಿದಳು.

“ಅದನ್ನ ಇಳಿಸು ಅಂದೋನು ಯಾರು? ನಿಮ್ಮಮ್ಮನ ಹಳೇ ಪಿಯಾನೊ ಹಾಗೇ ನುಡೀತಿತ್ತು, ಯಾರಿಗೂ ಹೇಳ್ಬೇಡ ಅಂತ ನಿಮ್ಮಣ್ಣನೇ ನನ್ನ ಕೈ ಹಿಡಕೊಂಡ. ಇಪ್ಪತ್ತು ವರ್ಷ ಹೇಳಲಿಲ್ಲ. ಈಗ ರೇಡಿಯೋ ಕೇಳಿ ಮೂರು ಮನೆಯವರು ಶ್ರುತಿ ಮಾಡೋಕೆ ಬರಬೇಡ ಅಂದ್ರು. ಕಿವಿ ಸರಿಯಿದೆ ಅಂತ ಚೀಟಿ ಬರೆಸ್ಕೊಳ್ಳೋಕೆ ಬಂದಿದೀನಿ, ಈ ವಯಸ್ಸಲ್ಲಿ.”

“ಹೊಸಬ ಬಂದು ಎಲ್ಲಾ ತಂತಿ ಸರಿ ಮಾಡಿಬಿಟ್ಟ, ಮಾಮ. ಅಣ್ಣ ಅದನ್ನ ಮುಟ್ಟಲ್ಲ ಅಂತ ಕೈಗವಸು ಬಿಚ್ತಾನೇ ಇಲ್ಲ. ಪಿಯಾನೊ ಕೆಳಗೇ ಮಲಗಿದಾನೆ.”

“ಒಳ್ಳೇದು. ನೆಲ ತಂಪಾಗಿರತ್ತೆ.”

“ನಾಳೆ ಕಾರ್ಯಕ್ರಮ. ನೀವು ಬಂದು ಆ ತಂತಿ ಇಳಿಸಿದ್ರೆ ಮಾತ್ರ ನುಡಿಸ್ತಾನಂತೆ.”

“ನುಡಿಸೋ ಮುಂಚೆ ಎಲ್ಲರ ಮುಂದೆ ನಿಜ ಹೇಳ್ತಾನಂತಾ?”

“ನೀವೊಬ್ಬರೇ ಇದ್ದಾಗ ಕ್ಷಮೆ ಕೇಳ್ತಾನಂತೆ.”

“ಊರಿಗೆಲ್ಲ ಕೇಳೋ ಹಾಗೆ ಬೈದು, ಬಾಗಿಲು ಹಾಕ್ಕೊಂಡು ತಪ್ಪಾಯ್ತು ಅಂತಾನಾ?”

ಒಳಗಿನಿಂದ ಯಾರೋ ಮೆಲ್ಲಗೆ ಟೋಕನ್ ಸಂಖ್ಯೆ ಕರೆದರು. ನನಗೆ ಅದು ಸರಿಯಾಗಿ ಕೇಳಿಸುವ ಮೊದಲೇ ಮುದುಕ ಎದ್ದು ನಿಂತಿದ್ದ.

“ಕಾರು ಹೊರಗಿದೆ, ಮಾಮ. ಚೀಟಿ ತಗೊಂಡು ಬರ್ತೀರಲ್ಲ?”

“ಬರಲ್ಲ.”