ಕಾಗದದ ಮೇಲಿನ ಇಂಟು ಗುರುತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಕೈಲಾದಷ್ಟೂ ಹೊಗಳಿ ದಣಿದಿರುವ ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಗಡಿಯಾರ ನೋಡುತ್ತಿರುವ ವಿದ್ಯಾರ್ಥಿ ಮಿತ್ರರೇ, ಸಭಿಕರೇ,

ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವನು ಬೀಳ್ಕೊಡುಗೆಯ ದಿನ ಪಾಠ ಮಾಡದೆ ಬಿಟ್ಟಾನೆಯೇ? ನನ್ನ ಮೆಚ್ಚಿನ ಪ್ರಯೋಗ ನಿಮಗೆಲ್ಲ ಗೊತ್ತು. ಕಾಗದದ ಮೇಲೊಂದು ಇಂಟು ಗುರುತು, ಅದರ ಮೇಲೆ ದ್ರಾವಣದ ಫ್ಲಾಸ್ಕು. ಆಸಿಡ್ ಸುರಿದರೆ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತ ಬರುತ್ತದೆ. ಮೇಲಿನಿಂದ ನೋಡುತ್ತಿದ್ದು, ಗುರುತು ಮರೆಯಾದ ಕ್ಷಣ ಗಡಿಯಾರ ನಿಲ್ಲಿಸಬೇಕು. ದ್ರಾವಣ ಗಾಢವಾಗಿದ್ದರೆ ಬೇಗ, ನೀರು ಬೆರೆಸಿದಷ್ಟೂ ತಡ. ಮದುವೆಯಾದ ಹೊಸದರಲ್ಲಿ ಮನೆಯಾಕೆಗೂ ಇದನ್ನು ವಿವರಿಸಿದ್ದೆ. "ಅಯ್ಯೋ, ಇದಕ್ಕೆ ಅಷ್ಟೆಲ್ಲ ಓದ್ಬೇಕಿತ್ತಾ? ಟೀಗೆ ನೀರು ಜಾಸ್ತಿ ಆದ್ರೆ ನಂಗೂ ಗೊತ್ತಾಗುತ್ತೆ" ಅಂದಳು.

ಆ ಗುರುತು ಬರೆಯುತ್ತಿದ್ದದ್ದು ನನ್ನದೇ ಕೈ. ಬೇರೆಯವರಿಗೆ ಬಿಟ್ಟವನೇ ಅಲ್ಲ. ಉತ್ತರಗಳ ಪಟ್ಟಿಯೂ ನನ್ನದೇ, ಮೊದಲ ವರ್ಷ ನಾನೇ ಅಳೆದದ್ದು. ಮೊದಲ ಫ್ಲಾಸ್ಕಿಗೆ ಇಪ್ಪತ್ತೆಂಟು ಸೆಕೆಂಡು. ಆಮೇಲೆ ಯಾವ ವರ್ಷ ನೋಡಿದರೂ, ಯಾರನ್ನು ಕೇಳಿದರೂ ಇಪ್ಪತ್ತೆಂಟೇ! ಎಂಥ ಶಿಷ್ಯರು ಎಂದು ಬೀಗುತ್ತಿದ್ದೆ. ಎಲ್ಲರೂ ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಇಳಿಸುತ್ತಿದ್ದಾರೆಂದು ನನ್ನೊಬ್ಬನನ್ನು ಬಿಟ್ಟು ಇಡೀ ಕಾಲೇಜಿಗೆ ಗೊತ್ತಿತ್ತು. ನಗಬೇಡಿ, ನೀವೂ ಅವರೇ.

ಒಂದು ವರ್ಷ ಒಬ್ಬ ಹುಡುಗಿ ಮೂವತ್ತಾರು ಎಂದು ಬರೆದಳು. ರೇಗಿದೆ. ಅವಳು ತಲೆ ತಗ್ಗಿಸಲಿಲ್ಲ. "ಸರ್, ಗುರುತು ತುಂಬಾ ದಪ್ಪ ಇದೆ, ಮರೆಯಾಗೋಕೆ ಹೊತ್ತು ಹಿಡಿಯುತ್ತೆ. ನಾನು ಕಂಡಿದ್ದನ್ನೇ ಬರ್ದಿದೀನಿ" ಅಂದಳು. ಇಡೀ ಲ್ಯಾಬು ನಕ್ಕಿತು. ಹತ್ತಕ್ಕೆ ಸೊನ್ನೆ ಹಾಕಿದೆ. ಆ ವರ್ಷದ ಲ್ಯಾಬ್ ಬಹುಮಾನ ಇದೇ ವೇದಿಕೆಯಲ್ಲಿ, ನೋಡಿ ಬರೆದ ಒಬ್ಬನ ಕೈ ಸೇರಿತು. ಅವಳು ತನ್ನ ರೆಕಾರ್ಡ್ ತೆಗೆದುಕೊಂಡು ಹೋಗಲೂ ಬರಲಿಲ್ಲ.

ಸಭಿಕರೇ, ಗುರುತು ದಪ್ಪಗೇ ಇತ್ತು. ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಲೇ ಇತ್ತು. ಯಾಕೆ? ತೆಳ್ಳನೆಯ ಗೆರೆ ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಬಾಯಿಬಿಟ್ಟರೆ ಲ್ಯಾಬಿನಿಂದ ಬಿಡಿಸಿಬಿಡುತ್ತಾರೆಂಬ ಭಯ. ಹೆಂಡತಿಗೂ ಹೇಳಲಿಲ್ಲ. ಮೂರನೆಯ ಸಾಲಿನಲ್ಲಿ ಕೂತು ಈಗಷ್ಟೇ ಕೇಳಿಸಿಕೊಳ್ಳುತ್ತಿದ್ದಾಳೆ. ಮನೆಗೆ ಹೋದ ಮೇಲೆ ನನಗೆ ಕಾದಿದೆ. ಇಷ್ಟು ಹೊತ್ತು ಕೈಯಲ್ಲಿ ಈ ಭಾಷಣದ ಹಾಳೆ ಹಿಡಿದಿದ್ದೇನಲ್ಲ, ಇದರಲ್ಲಿ ಒಂದಕ್ಷರವೂ ನನಗೆ ಕಾಣುತ್ತಿಲ್ಲ.

ಅಂದಿನ ಆ ಹುಡುಗಿಯೇ ನಾಳೆಯಿಂದ ನನ್ನ ಜಾಗದಲ್ಲಿ ನಿಮಗೆ ಪಾಠ ಮಾಡುವವರು. ಇಲ್ಲೇ ಕೂತಿದ್ದಾರೆ. ಮೇಡಂ, ಅಂದು ಸರಿಯಾಗಿ ನೋಡಿದವರು ನೀವೊಬ್ಬರೇ. ನನಗೆ ನಾಚಿಕೆಯಾಗುತ್ತಿದೆ. ಲ್ಯಾಬಿನ ಬೀರುವಿನಲ್ಲಿ ಉಳಿದಿದ್ದ ನಿಮ್ಮ ರೆಕಾರ್ಡ್ ತಂದಿದ್ದೇನೆ. ಸೊನ್ನೆಯನ್ನು ಹೊಡೆದುಹಾಕಿ, ಹತ್ತು ಬರೆದು, ಸಹಿ ಮಾಡಿದ್ದೇನೆ.

ತಾಳ್ಮೆಯಿಂದ ಕೇಳಿದ ಎಲ್ಲರಿಗೂ ವಂದನೆಗಳು. ಮೇಡಂ, ಸರಿಯಾದ ಪುಟದಲ್ಲೇ ಬರೆದಿದ್ದೇನೋ ಇಲ್ಲವೋ, ದಯವಿಟ್ಟು ಒಮ್ಮೆ ನೋಡಿ ಹೇಳಿ. ನಮಸ್ಕಾರ.